ಫೈಬ್ರಾಯ್ಡ್ ಅಂತ ಗರ್ಭಕೋಶ ತೆಗೆಸಿದೆ, ಬಯಾಪ್ಸೀಲಿ ಲಿಯೋಮಯೋಸಾರ್ಕೋಮಾ (ಗರ್ಭಕೋಶದ ಸ್ನಾಯುವಿನ ಕ್ಯಾನ್ಸರ್) ಅಂತ ಬಂದಿದೆ, ಇದು ಬಂದವ್ರು ಯಾರಾದ್ರೂ ಇದ್ದೀರಾ?

ಟೀಚರ್ ಹಾಸನ (9 ಜನವರಿ)

ಎಲ್ರಿಗೂ ನಮಸ್ಕಾರ. ನಂಗೆ 47 ವರ್ಷ, ಖಾಸಗಿ ಶಾಲೇಲಿ ಟೀಚರ್. ಎರಡು ವರ್ಷದಿಂದ ಮುಟ್ಟಾದಾಗ ವಿಪರೀತ ಬ್ಲೀಡಿಂಗ್, ಸ್ಕ್ಯಾನ್ ಮಾಡಿಸಿದಾಗೆಲ್ಲ ಫೈಬ್ರಾಯ್ಡ್ ಗಡ್ಡೆ ಅಂತಿದ್ರು, ಮಾತ್ರೆ ತಗೊಂಡು ಹಾಗೇ ದಿನ ತಳ್ತಾ ಬಂದೆ. ದೀಪಾವಳಿ ಆದ್ಮೇಲೆ ಹೊಟ್ಟೆ ಐದು ತಿಂಗಳ ಬಸುರಿ ಥರ ಕಾಣೋಕೆ ಶುರುವಾಯ್ತು, ಡಿಸೆಂಬರ್‌ನಲ್ಲಿ ಗರ್ಭಕೋಶ, ಅಂಡಾಶಯ ಎಲ್ಲಾ ತೆಗೆದ್ರು. ಹೊಲಿಗೆ ಬಿಚ್ಚಿಸ್ಕೊಂಡು ಬಂದು ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ತಾ ಕೂತಿದ್ದೆ, ಆಸ್ಪತ್ರೆಯಿಂದ ಫೋನ್ ಬಂತು, "ಯಜಮಾನ್ರನ್ನೂ ಕರ್ಕೊಂಡು ಬನ್ನಿ" ಅಂದ್ರು. ಆ ಒಂದು ಮಾತಿಗೇ ಕೈ ನಿಂತೋಯ್ತು.

ರಿಪೋರ್ಟ್‌ನಲ್ಲಿ ಯೂಟ್ರಸ್‌ನ ಲಿಯೋಮಯೋಸಾರ್ಕೋಮಾ ಅಂತಿದೆ, ಗಡ್ಡೆ 9.5 ಸೆಂಟಿಮೀಟರ್, ಮೈಟೋಸಿಸ್ 22, ಗರ್ಭಕೋಶ ಬಿಟ್ಟು ಹೊರಗೆ ಹೋಗಿಲ್ಲ, ಸ್ಟೇಜ್ 1ಬಿ ಅಂತೆ. ಎದೆ ಸಿಟಿ ಕ್ಲಿಯರ್ ಇದೆ. ಇಲ್ಲಿನ ಡಾಕ್ಟರ್ ತಕ್ಷಣ ಕಿಮೋ ಶುರು ಮಾಡೋಣ ಅಂತಾರೆ, ಬೆಂಗಳೂರಿನವ್ರು ಕಿಮೋ ಈಗ ಬೇಡ, ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡ್ತಾ ಹೋಗೋಣ ಅಂತಾರೆ. ಇಬ್ರೂ ಅನುಭವಸ್ಥರೇ, ಯಾರ ಮಾತು ಕೇಳ್ಲಿ. ಅತ್ತೆಯವ್ರು "ಗಡ್ಡೇನ ಅಷ್ಟು ದಿನ ಹೊಟ್ಟೇಲಿ ಇಟ್ಕೊಂಡ್ಯಲ್ಲಮ್ಮ, ಅದೇ ಕೆಟ್ಟು ಹಿಂಗಾಗಿದೆ" ಅಂದ್ರು. ಬೈಯೋಕೆ ಅಂದಿದ್ದಲ್ಲ ಅವ್ರು, ದುಃಖಕ್ಕೆ ಅಂದಿದ್ದು, ಆದ್ರೂ ಅದೇ ಮಾತು ರಾತ್ರಿಯೆಲ್ಲಾ ಕಿವೀಲಿ ತಿರುಗ್ತಾ ಇರುತ್ತೆ. ಮಗಳು ಸೆಕೆಂಡ್ ಪಿಯುಸಿ, ಪರೀಕ್ಷೆ ಹತ್ರ ಇದೆ, ಅವಳಿಗೆ ಇನ್ನೂ ಹೇಳಿಲ್ಲ.

ಕಾವೇರಿ ದಂಡೆ (9 ಜನವರಿ)

ಇದೀನಿ ಕಣಮ್ಮ. ಮೈಸೂರು. ನಂದೂ ಇದೇ ಹೆಸರು, ಇದೇ 1ಬಿ, ಏಳು ವರ್ಷ ಆಯ್ತು. ಮೊದಲು ನಿಮ್ಮ ಅತ್ತೆ ಮಾತು ಮನಸ್ಸಿಂದ ತೆಗೀರಿ. ಫೈಬ್ರಾಯ್ಡ್ ಕೆಟ್ಟು ಇದಾಗೋದು ಅಂತ ನಾನೂ ಒಂದು ವರ್ಷ ನಂಬಿ ಕೊರಗಿದೀನಿ, ಆಮೇಲೆ ಆಂಕಾಲಜಿಸ್ಟ್ ಕೂರಿಸ್ಕೊಂಡು ಹೇಳಿದ್ರು, ಇದು ಬಹುತೇಕ ಗರ್ಭಕೋಶದ ಸ್ನಾಯುವಿನಲ್ಲಿ ಮೊದಲಿಂದಾನೇ ಬೇರೆಯಾಗಿ ಹುಟ್ಟೋದು, ಸಾದಾ ಫೈಬ್ರಾಯ್ಡ್ ಬದಲಾಗಿ ಆಗೋದಲ್ಲ ಅಂತ. ಆಪರೇಷನ್ನಿಗೆ ಮುಂಚೆ ಅಲ್ಟ್ರಾಸೌಂಡ್‌ನಲ್ಲಿ, ಎಷ್ಟೋ ಸಲ ಎಂಆರ್‌ಐನಲ್ಲೂ ಖಚಿತವಾಗಿ ಹೇಳೋಕೆ ಆಗಲ್ಲ. ಗರ್ಭಕೋಶದ ಒಳಪದರ ಕೆರೆದು ಟೆಸ್ಟ್ ಮಾಡಿದ್ರೂ ತಪ್ಪಿಸ್ಕೊಳ್ಳುತ್ತೆ, ಯಾಕಂದ್ರೆ ಇದು ಇರೋದು ಪದರದಲ್ಲಲ್ಲ, ಸ್ನಾಯು ಒಳಗೆ. ನೀವೇನು ಮಾಡಿದ್ರೂ ಮುಂಚೆ ಗೊತ್ತಾಗೋ ಸಾಧ್ಯತೆ ಕಮ್ಮಿ ಇತ್ತು. ಇದನ್ನ ಅತ್ತೆಯವ್ರಿಗೂ ಓದಿ ಹೇಳಿ.

ಎರಡನೇದು, ಕಿಮೋ ಬೇಕಾ ಬೇಡ್ವಾ ಅನ್ನೋದನ್ನ ಇವತ್ತೇ ನಿರ್ಧಾರ ಮಾಡ್ಬೇಡಿ. ಅದಕ್ಕೆ ಮುಂಚೆ ಸ್ಲೈಡು, ಬ್ಲಾಕು ಎರಡೂ ತಗೊಂಡು ಸಾರ್ಕೋಮಾ ನೋಡಿ ಅಭ್ಯಾಸ ಇರೋ ಪ್ಯಾಥಾಲಜಿಸ್ಟ್ ಹತ್ರ ಮತ್ತೆ ಓದಿಸಿ. ಇದೊಂದನ್ನ ಮಾತ್ರ ಬಿಡ್ಬೇಡಿ.

ಲ್ಯಾಬ್ ಟೆಕ್ನಿಷಿಯನ್ (10 ಜನವರಿ)

ಕಾವೇರಿ ದಂಡೆ ಅವ್ರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹದಿನಾರು ವರ್ಷದಿಂದ ಪ್ಯಾಥಾಲಜಿ ಲ್ಯಾಬ್‌ನಲ್ಲಿ ಸ್ಲೈಡ್ ಮಾಡೋ ಕೆಲಸದಲ್ಲಿ ಇದೀನಿ. ಫೈಬ್ರಾಯ್ಡ್ ಇರೋ ಗರ್ಭಕೋಶ ನಮಗೆ ವಾರಕ್ಕೆ ಹತ್ತಾರು ಬರುತ್ತೆ, ಇದು ವರ್ಷಕ್ಕೆ ಒಂದೋ ಎರಡೋ. ಗರ್ಭಕೋಶದ ಕ್ಯಾನ್ಸರ್ ಎಲ್ಲಾ ಸೇರಿಸಿದ್ರೂ ಲಿಯೋಮಯೋಸಾರ್ಕೋಮಾ ನೂರಕ್ಕೆ ಒಂದೋ ಎರಡೋ ಅಷ್ಟೇ. ಇದಕ್ಕೂ ಸಾದಾ ಫೈಬ್ರಾಯ್ಡಿಗೂ ನಡುವೆ "ಇದೋ ಅದೋ" ಅನ್ನೋ ಥರದ ಗಡ್ಡೆಗಳೂ ಇದಾವೆ, ಅದಕ್ಕೇ ಎರಡನೇ ಕಣ್ಣು ಬೇಕು. ಡಾಕ್ಟರು ಮೂರು ವಿಷಯ ನೋಡ್ತಾರೆ, ಕೋಶಗಳು ಎಷ್ಟು ವಿಕಾರವಾಗಿವೆ, ಎಷ್ಟು ಕೋಶ ಒಡೀತಾ ಇವೆ (ನಿಮ್ಮ ರಿಪೋರ್ಟಿನ 22 ಅದೇ, ಮೈಕ್ರೋಸ್ಕೋಪಿನ ಹತ್ತು ಫೀಲ್ಡಿನಲ್ಲಿ ಎಣಿಸಿದ್ದು, ಹತ್ತಕ್ಕಿಂತ ಮೇಲಿದ್ರೆ ಜಾಸ್ತಿ ಅಂತ ಲೆಕ್ಕ), ಮತ್ತೆ ಗಡ್ಡೆ ಒಳಗೆ ಸತ್ತ ಭಾಗ ಇದೆಯಾ ಅಂತ. ಆಮೇಲೆ ಡೆಸ್ಮಿನ್ (ಸ್ನಾಯು ಕೋಶದ ಗುರುತು), ಇಆರ್, ಪಿಆರ್ (ಗಡ್ಡೆ ಹಾರ್ಮೋನ್ ಹಿಡಿಯುತ್ತಾ ಅನ್ನೋದರ ಗುರುತು) ಅಂತೆಲ್ಲ ಇಮ್ಯೂನೋ ಟೆಸ್ಟ್ ಮಾಡಿಸ್ತಾರೆ.

ಬ್ಲಾಕ್ ಅಂದ್ರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಪ್ಲಾಸ್ಟಿಕ್ ಚೌಕಟ್ಟು, ಅದ್ರಲ್ಲಿ ಬಿಳಿ ಮೇಣ, ಮೇಣದ ನಡುವೆ ಕಂದು ಬಣ್ಣದ ಚೂರು ಕಾಣುತ್ತೆ, ಅದು ನಿಮ್ಮ ಗಡ್ಡೆ. ಮೇಣ ಆಗಿರೋದ್ರಿಂದ ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲಿ ಬಿಡ್ಬೇಡಿ, ಸ್ಲೈಡ್ ಗಾಜು, ಅದರ ಡಬ್ಬಿಯಲ್ಲೇ ಇಟ್ಟು ಬಟ್ಟೆ ಸುತ್ತಿ ಕೈಯಲ್ಲೇ ಹಿಡ್ಕೊಳ್ಳಿ. ಲ್ಯಾಬಿನವ್ರು ಕೊಡಲ್ಲ ಅಂದ್ರೆ ಹೆದರ್ಬೇಡಿ, ಡಾಕ್ಟರ್ ಚೀಟಿ ಜೊತೆ ಒಂದು ಅರ್ಜಿ ಬರ್ಕೊಟ್ಟು ಕೇಳಿ.

ಹುಬ್ಬಳ್ಳಿ ಹುಡುಗ (10 ಜನವರಿ)

ಅಕ್ಕಾರ, ಕೊಬ್ಬರಿ ಹೆಚ್ಚೂಮುಂದ ಫೋನ್ ಬಂತು ಅಂದದ್ದು ಓದಿ ನನಗ ತಡಕೊಳ್ಳಾಕ ಆಗ್ಲಿಲ್ರಿ. ನಮ್ಮ ಅವ್ವಗ ಇದ ಆಗಿತ್ರಿ. ಒಂದು ನರ್ಸಿಂಗ್ ಹೋಮ್‌ನ್ಯಾಗ ಗರ್ಭಚೀಲ ತಗದ್ರು, ಸ್ಟೀಲಿನ ಟ್ರೇದಾಗ ಹಾಕಿ ಹೊರಗ ತಂದು ನಮ್ಮ ಅಪ್ಪಗ, ನನಗ ತೋರ್ಸಿದ್ರು, ನೋಡ್ರಿ ಎಷ್ಟ ದೊಡ್ಡದಿತ್ತು ಅಂತ. ಅದನ್ನ ಟೆಸ್ಟಿಗೆ ಕಳಸಲೇ ಇಲ್ರಿ. ನಮಗೂ ಕೇಳಬೇಕಂತ ಗೊತ್ತಿರಲಿಲ್ಲ. ಎಂಟು ತಿಂಗಳಾದ ಮ್ಯಾಲ ಅವ್ವಗ ಕೆಮ್ಮು ಹಿಡೀತು, ಟಿಬಿ ಇರಬೇಕಂತ ಕಫ ಟೆಸ್ಟ್ ಮಾಡ್ಸಿದ್ವಿ, ಕಡೀಕ ಸಿಟಿ ಮಾಡ್ಸಿದಾಗ ಎರಡೂ ಪುಪ್ಪುಸದಾಗ ಗಂಟು ಇದ್ವು. ಅವ್ವ ಈಗ ಇಲ್ರಿ. ನಾ ಇಲ್ಲಿ ಬರಿಯೂದು ಅದಕ್ಕ, ಯಾರ ಓದಿದ್ರೂ ತಗದ ಗರ್ಭಚೀಲ ಬಯಾಪ್ಸಿಗೆ ಹೋತೇನು ಅಂತ ಕೇಳ್ರಿ, ರಿಪೋರ್ಟ್ ಕೈಯಾಗ ತಗೋರಿ. ಫೈಬ್ರಾಯ್ಡ್ ಅಂತ ಹೇಳಿದ್ರೂ ಕೇಳ್ರಿ.

ನಿಮ್ಮದು ಟೆಸ್ಟ್ ಆಗೇತಿ, ಎದಿ ಕ್ಲಿಯರ್ ಐತಿ, ಅದು ದೊಡ್ಡ ಮಾತರಿ.

ಟೀಚರ್ ಹಾಸನ (10 ಜನವರಿ)

ತಮ್ಮಾ, ಅಮ್ಮನ ವಿಷಯ ಓದಿ ತುಂಬಾ ಹೊತ್ತು ಏನೂ ಬರೆಯೋಕೆ ಆಗ್ಲಿಲ್ಲ. ಇಷ್ಟು ನೋವಿನಲ್ಲೂ ನಂಗೆ ಧೈರ್ಯ ಹೇಳ್ತಿದ್ದೀಯಲ್ಲ, ನಿನ್ನ ಹೊಟ್ಟೆ ತಣ್ಣಗಿರ್ಲಿ. ನಾಳೇನೇ ಬ್ಲಾಕಿಗೆ ಅರ್ಜಿ ಕೊಡ್ತೀವಿ.

ಎಡಿಸನ್ ಅಕ್ಕ (11 ಜನವರಿ)

ನಾನು ಶಿವಮೊಗ್ಗದವಳು, ಈಗ ನ್ಯೂಜೆರ್ಸಿಯಲ್ಲಿ ಇರೋದು. ನಂಗೂ ಇದೇ, ಹತ್ತು ವರ್ಷದ ಹಿಂದೆ ಬಂತು, ಎರಡು ಸಲ ಮರುಕಳಿಸಿದೆ, ಪುಪ್ಪುಸದ ಗಂಟು ತೆಗೆಸಿದೀನಿ, ಇವತ್ತು ಬೆಳಿಗ್ಗೆ ಹಿಮ ಗೋರಿ ಬಂದು ಇದನ್ನ ಬರೀತಿದೀನಿ.

ಇಬ್ರು ಡಾಕ್ಟರು ಎರಡು ಥರ ಹೇಳ್ತಿರೋದಕ್ಕೆ ಕಾರಣ ಅವ್ರಲ್ಲಿ ಒಬ್ರು ತಪ್ಪು ಅಂತಲ್ಲ. ಮೊದಲ ಸ್ಟೇಜಿನಲ್ಲಿ ಆಪರೇಷನ್ ಆದ್ಮೇಲೆ ಕಿಮೋ ಕೊಟ್ರೆ ಲಾಭ ಇದೆಯಾ ಅಂತ ನೋಡೋಕೆ ಅಮೆರಿಕ, ಯೂರೋಪ್ ಸೇರಿ ಒಂದು ಟ್ರಯಲ್ ಶುರು ಮಾಡಿದ್ರು, 216 ಜನ ಬೇಕಿತ್ತು, 38 ಜನ ಸೇರೋ ಹೊತ್ತಿಗೆ ನಿಲ್ಲಿಸ್ಬೇಕಾಯ್ತು, ಅಷ್ಟು ಅಪರೂಪ ಇದು. ಸಿಕ್ಕ ಆ ಸ್ವಲ್ಪ ಮಾಹಿತೀಲಿ ಕಿಮೋದಿಂದ ಲಾಭ ಕಾಣ್ಲಿಲ್ಲ, ಆದ್ರೆ ಲಾಭ ಇಲ್ಲವೇ ಇಲ್ಲ ಅಂತ ಹೇಳೋಕೂ ಅಷ್ಟು ಜನ ಸಾಲಲ್ಲ. ಹಂಗಾಗಿ ಕೆಲವ್ರು ಕೊಡ್ತಾರೆ, ಕೆಲವ್ರು ಕಾಯ್ತಾರೆ. ನೆಟ್‌ನಲ್ಲಿ ಓದಿರ್ತೀರಿ, ಮುಚ್ಚಿಡಲ್ಲ, ಮೊದಲ ಸ್ಟೇಜಲ್ಲಿ ತೆಗೆದ್ರೂ ಅರ್ಧಕ್ಕರ್ಧ ಜನರಿಗೆ ಇದು ವಾಪಸ್ ಬರುತ್ತೆ, ಹೆಚ್ಚಾಗಿ ಪುಪ್ಪುಸಕ್ಕೆ. ಅದಕ್ಕೇ ಎದೆ ಸಿಟಿ ಅಷ್ಟು ಮುಖ್ಯ.

ಒಂದು ಪ್ರಶ್ನೆ ಕೇಳ್ಬೇಕು, ನಿಮ್ಮ ಗರ್ಭಕೋಶನ ಇಡಿಯಾಗಿ ತೆಗೆದ್ರಾ ಅಥವಾ ಹೊಟ್ಟೆ ಒಳಗೇ ಚೂರು ಮಾಡಿ ಕೀಹೋಲ್‌ನಿಂದ ತೆಗೆದ್ರಾ? ಚೂರು ಮಾಡೋ ಮೆಷಿನ್ನಿಗೆ ಮಾರ್ಸೆಲೇಟರ್ ಅಂತಾರೆ. ಬೋಸ್ಟನ್‌ನಲ್ಲಿ ಆಮಿ ರೀಡ್ ಅಂತ ಒಬ್ರು ಡಾಕ್ಟರ್, ಆರು ಮಕ್ಕಳ ತಾಯಿ, ಅವ್ರಿಗೆ 2013ರಲ್ಲಿ ಫೈಬ್ರಾಯ್ಡ್ ಅಂದ್ಕೊಂಡು ಹಾಗೆ ಮಾಡಿದಾಗ ಗೊತ್ತಿಲ್ದೆ ಇದ್ದ ಈ ಕ್ಯಾನ್ಸರ್ ಹೊಟ್ಟೆ ಒಳಗೆಲ್ಲ ಹರಡ್ತು. ಅವ್ರು, ಅವ್ರ ಗಂಡ ಬಿಡದೆ ಹೋರಾಡಿದ್ರು, 2014ರಲ್ಲಿ ಅಮೆರಿಕದ ಎಫ್‌ಡಿಎ (ಔಷಧಿ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ) ಆ ಮೆಷಿನ್ ಬಗ್ಗೆ ಕಟ್ಟುನಿಟ್ಟಾದ ಎಚ್ಚರಿಕೆ ಕೊಡ್ತು. ಆಮಿ 2017ರಲ್ಲಿ ತೀರ್ಕೊಂಡ್ರು. ನನ್ನ ಆಪರೇಷನ್ ಅದಾದ ಮೇಲೆ ಆಗಿದ್ದು, ಡಾಕ್ಟರ್ ಇಡಿಯಾಗೇ ತೆಗೆದ್ರು. ಆಕೇನ ನಾನು ಕಣ್ಣಲ್ಲಿ ನೋಡಿದವಳಲ್ಲ, ಆದ್ರೂ ದೇವರಿಗೆ ದೀಪ ಹಚ್ಚುವಾಗ ನೆನೆಸ್ಕೊಳ್ತೀನಿ.

ಟೀಚರ್ ಹಾಸನ (11 ಜನವರಿ)

ಇಡಿಯಾಗೇ ತೆಗೆದಿದ್ದಾರೆ ಅಕ್ಕ, ಹೊಟ್ಟೆ ಕೊಯ್ದು. ಕೀಹೋಲ್ ಆಗಲ್ಲ, ಗಾಯ ದೊಡ್ಡದಾಗುತ್ತೆ ಅಂದಾಗ ಬೇಜಾರು ಮಾಡ್ಕೊಂಡಿದ್ದೆ. ಈಗ ಆ ಹೊಲಿಗೆ ಗೆರೆ ಮೇಲೆ ಕೈ ಇಟ್ಕೊಂಡು ಇದನ್ನ ಓದ್ತಿದೀನಿ.

ಹಸಿರು ಬೇರು (12 ಜನವರಿ)

ಮೇಡಂ, ಕಿಮೋ ಎಲ್ಲ ದೇಹ ಸುಡುತ್ತೆ. ನಮ್ಮ ಪರಿಚಯದವರೊಬ್ರು ಲಕ್ಷ್ಮಣಫಲದ ಎಲೆ ಕಷಾಯ ಕುಡಿದು ಗುಣ ಆಗಿದ್ದಾರೆ. ಮೂರು ತಿಂಗಳು ಅದನ್ನೇ ಕುಡಿದು ನೋಡಿ, ಆಮೇಲೆ ಬೇಕಾದ್ರೆ ಆಸ್ಪತ್ರೆ.

ಹುಬ್ಬಳ್ಳಿ ಹುಡುಗ (12 ಜನವರಿ)

ಸರ್, ನೀವು ಒಳ್ಳೇ ಮನಸ್ಸಿಲೇ ಹೇಳಿರಿ ಅಂತ ತಿಳ್ಕೋತೀನಿ. ನಮ್ಮ ಅವ್ವಗ ಅದ ಕಷಾಯ ಆರು ವಾರ ಕುಡಿಸಿದ್ವಿರಿ, ಯಾವುದೋ ವಿಡಿಯೋ ನೋಡಿ. ಆ ಆರು ವಾರದಾಗ ಉಬ್ಬಸ ಜಾಸ್ತಿ ಆತು, ಕಿಮೋ ಶುರು ಮಾಡೂದರಾಗ ಅವ್ವ ಎದ್ದು ಕುಂದ್ರು ಹಂಗ ಇರಲಿಲ್ಲ. ಮೂರು ತಿಂಗಳು ತಡೀರಿ ಅಂತ ಯಾರಿಗೂ ಹೇಳಬ್ಯಾಡ್ರಿ, ಕೈ ಮುಗೀತೀನಿ.

ಲ್ಯಾಬ್ ಟೆಕ್ನಿಷಿಯನ್ (12 ಜನವರಿ)

ಜೊತೆಗೆ ಇದೂ ಗೊತ್ತಿರ್ಲಿ, ಯಾವುದೇ ಕಷಾಯ, ಪುಡಿ ತಗೋತಿದ್ರೆ ಆಂಕಾಲಜಿಸ್ಟ್‌ಗೆ ಬಚ್ಚಿಡದೆ ಹೇಳಿ. ಲಿವರ್ ಮೇಲೆ ಹೊರೆ ಬಿದ್ರೆ ಕಿಮೋ ಡೋಸ್ ನಿಲ್ಲಿಸ್ಬೇಕಾಗಿ ಬರುತ್ತೆ.

ಟೀಚರ್ ಹಾಸನ (2 ಫೆಬ್ರವರಿ)

ಸ್ಲೈಡು ಬ್ಲಾಕು ಬೆಂಗಳೂರಿಗೆ ತಗೊಂಡೋದ್ವಿ. ನಮ್ಮೆಜಮಾನ್ರು ಡಬ್ಬೀನ ಟವೆಲ್‌ನಲ್ಲಿ ಸುತ್ತಿ ಊಟದ ಬುತ್ತಿ ಥರ ತೊಡೆ ಮೇಲೆ ಇಟ್ಕೊಂಡು ಕೂತಿದ್ರು, ಚನ್ನರಾಯಪಟ್ಟಣದಲ್ಲಿ ಬಸ್ಸು ನಿಂತಾಗ ಕಾಫಿಗೂ ಇಳೀಲಿಲ್ಲ. ಎರಡನೇ ರಿಪೋರ್ಟೂ ಅದೇ ಬಂತು, ಜೊತೆಗೆ ಇಆರ್ ಪಿಆರ್ ಪಾಸಿಟಿವ್ ಅಂತ ಬರೆದಿದ್ದಾರೆ, ಹೀಗಿದ್ರೆ ಮುಂದೆ ಬೇಕಾದ್ರೆ ಹಾರ್ಮೋನ್ ಮಾತ್ರೇನೂ ಒಂದು ದಾರಿ ಅಂತೆ. ಮುಂಬೈ ಟಾಟಾ ಆಸ್ಪತ್ರೆ ಇರೋ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನ (ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟ) ನವ್ಯಾ ಅಂತ ಆನ್‌ಲೈನ್ ಸೇವೆ ಇದೆ, ಅಲ್ಲೂ ರಿಪೋರ್ಟ್ ಹಾಕಿ ಕೇಳಿದ್ವಿ. ಎಲ್ಲಾ ಕೂಡಿಸಿ ನೋಡಿ ಕಿಮೋ ಈಗ ಬೇಡ, ಮೂರು ತಿಂಗಳಿಗೊಮ್ಮೆ ಎದೆ, ಹೊಟ್ಟೆ ಸಿಟಿ ಅಂತ ತೀರ್ಮಾನ ಮಾಡಿದ್ವಿ.

ಮಗಳ ವಿಷಯ. ಮೊನ್ನೆ ಬೆಳಿಗ್ಗೆ ಜಡೆ ಹಾಕ್ತಿದ್ದೆ, ಕನ್ನಡಿ ನೋಡ್ಕೊಂಡೇ ಕೇಳಿದ್ಳು, "ಅಮ್ಮಾ, ಮೈಟೋಸಿಸ್ ಇಪ್ಪತ್ತೆರಡು ಅಂದ್ರೆ ಜಾಸ್ತೀನಾ?" ಅಂತ. ಬಯಾಲಜಿ ಓದೋ ಹುಡುಗಿ. ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟಿದ್ದ ಫೈಲು ಯಾವಾಗ್ಲೋ ನೋಡ್ಬಿಟ್ಟಿದ್ದಾಳೆ, ಇಪ್ಪತ್ತು ದಿನ ಒಬ್ಬಳೇ ಇಟ್ಕೊಂಡಿದ್ದಾಳೆ ಅದನ್ನ. ಹೂಂ ಜಾಸ್ತಿ ಅಂದೆ. ಅರ್ಧ ಹಾಕಿದ ಜಡೆ ಹಂಗೇ ಬಿಟ್ಟು ಇಬ್ರೂ ಅತ್ವಿ. ಅವಳಿಗೂ ಬರುತ್ತಾ ಅಂತ ನಂಗೆ ಭಯ, ಡಾಕ್ಟರ್‌ನ ಕೇಳಿದೆ, ಬಹುಪಾಲು ಇದು ವಂಶದಲ್ಲಿ ಬರೋದಲ್ಲ ಅಂದ್ರು, ನಮ್ಮ ಮನೇಲಿ ಬೇರೆ ಯಾರಿಗೂ ಚಿಕ್ಕ ವಯಸ್ಸಲ್ಲಿ ಕ್ಯಾನ್ಸರ್ ಆಗಿತ್ತಾ ಅಂತ ಮಾತ್ರ ಕೇಳಿ ಬರ್ಕೊಂಡ್ರು.

ಉಡುಪಿ ಕಡೆಯವ (3 ಫೆಬ್ರವರಿ)

ನಾನು ಗಂಡಸು, ಇಲ್ಲಿ ಬರೆಯಬಹುದಾ ಗೊತ್ತಿಲ್ಲ. ನನ್ನ ಹೆಂಡತಿಗೂ ಇದೇ ಕಾಯಿಲೆ, ಮೂರು ವರ್ಷವಾಯಿತು. ಅಂಡಾಶಯ ತೆಗೆದ ಮೇಲೆ ಅವಳಿಗೆ ರಾತ್ರಿ ಮೈಯೆಲ್ಲ ಬೆಂಕಿ ಬಿದ್ದ ಹಾಗೆ ಬಿಸಿ, ಬೆವರು, ನಿದ್ರೆಯೇ ಇಲ್ಲ, ಸಣ್ಣ ಮಾತಿಗೂ ಕೋಪ. ಅದು ಒಂದೇ ದಿನದಲ್ಲಿ ಮುಟ್ಟು ನಿಂತದ್ದರ ಪರಿಣಾಮ ಅಂತ ನಮಗೆ ಯಾರೂ ಹೇಳಿರಲಿಲ್ಲ, ನಾನು ಕ್ಯಾನ್ಸರ್ ಮತ್ತೆ ಬಂತು ಅಂತ ಹೆದರಿದ್ದೆ. ಇಆರ್ ಪಾಸಿಟಿವ್ ಇದ್ದರೆ ಅದಕ್ಕೆ ಈಸ್ಟ್ರೊಜೆನ್ ಮಾತ್ರೆ ಕೊಡುವುದಿಲ್ಲ, ಬೇರೆ ಮದ್ದು ಉಂಟು, ಕೇಳಿ. ಮತ್ತೆ ಮಾರಾಯ್ರೆ, ಗಂಡ ಹೆಂಡತಿ ನಡುವೆ ಮೊದಲಿನ ಹಾಗೆ ಆಗಲು ಸಮಯ ಬೇಕು. ನಾನು ದೂರ ಮಲಗಿದರೆ ಅವಳಿಗೆ ಆರಾಮ ಅಂತ ತಿಳಿದು ಹೊರಗಿನ ಕೋಣೆಯಲ್ಲಿ ಮಲಗುತ್ತಿದ್ದೆ. ಅವಳು ತಿಳಿದದ್ದು, ಗರ್ಭಕೋಶ ಹೋಯಿತು, ಇನ್ನು ನಾನು ಬೇಡವಾದೆ ಅಂತ. ನಾಲ್ಕು ತಿಂಗಳು ಇಬ್ಬರೂ ಬಾಯಿ ಬಿಡಲಿಲ್ಲ. ನಿಮ್ಮ ಯಜಮಾನರಿಗೆ ಇದನ್ನು ತೋರಿಸಿ.

ಕಾವೇರಿ ದಂಡೆ (20 ಮಾರ್ಚ್)

ಟೀಚರಮ್ಮ, ನಿಮ್ಮ ಮೊದಲನೇ ಸ್ಕ್ಯಾನ್ ಬರ್ತಿದೆ ಅಲ್ವಾ. ನಾನು ಮಾಡೋದು ಹೇಳ್ತೀನಿ. ಸ್ಕ್ಯಾನ್ ಬುಧವಾರ, ಡಾಕ್ಟರ್ ಗುರುವಾರ, ಹೀಗೇ ಹಿಡಿಯೋದು, ಶುಕ್ರವಾರ ಸ್ಕ್ಯಾನ್ ಮಾಡಿಸಿದ್ರೆ ಶನಿವಾರ ಭಾನುವಾರ ಪೂರ್ತಿ ಒದ್ದಾಡ್ತೀವಿ. ರಿಪೋರ್ಟ್ ಮೊಬೈಲಿಗೆ ಬಂದ್ರೂ ಒಬ್ಬಳೇ ತೆಗೆಯಲ್ಲ. ಸ್ಕ್ಯಾನ್‌ಗೆ ಹತ್ತು ದಿನ ಇರುವಾಗ ಕೆಮ್ಮು ಬಂದಂಗೆ, ಬೆನ್ನು ನೋವಂಗೆ ಎಲ್ಲಾ ಅನ್ಸುತ್ತೆ, ಏಳು ವರ್ಷ ಆದ್ರೂ ಅನ್ಸುತ್ತೆ. ನಾನು ಕಿಮೋ ತಗೊಂಡವಳು, ಜೆಮ್‌ಸಿಟಾಬಿನ್, ಡೋಸಿಟ್ಯಾಕ್ಸೆಲ್ ನಾಲ್ಕು ಸೈಕಲ್, ಅದ್ರಿಂದ ಉಳಿದ್ನೋ ಅದಿಲ್ದೆನೂ ಉಳೀತಿದ್ನೋ ನಂಗೂ ಗೊತ್ತಿಲ್ಲ, ನನ್ನ ಡಾಕ್ಟರಿಗೂ ಗೊತ್ತಿಲ್ಲ.

ಟೀಚರ್ ಹಾಸನ (4 ಏಪ್ರಿಲ್)

ಕ್ಲಿಯರ್!! ಮಗಳ ಪರೀಕ್ಷೇನೂ ಮುಗೀತು. ಬರೋವಾಗ ನಮ್ಮೆಜಮಾನ್ರು ಚನ್ನರಾಯಪಟ್ಟಣದಲ್ಲಿ ಇಳಿದು ಎರಡು ಕಾಫಿ ತಂದ್ರು.

ಟೀಚರ್ ಹಾಸನ (11 ಜುಲೈ)

ಬರೆಯೋಕೆ ಕೈ ಬರ್ತಿಲ್ಲ. ಆರು ತಿಂಗಳ ಸ್ಕ್ಯಾನ್‌ನಲ್ಲಿ ಎರಡೂ ಪುಪ್ಪುಸದಲ್ಲಿ ಸಣ್ಣ ಸಣ್ಣ ಗಂಟು ಇದಾವೆ, ಏಳು, ದೊಡ್ಡದು 14 ಮಿಲಿಮೀಟರ್. ಎರಡೂ ಕಡೆ ಇರೋದ್ರಿಂದ ಈಗ ಆಪರೇಷನ್ ಬೇಡ, ಡಾಕ್ಸೋರುಬಿಸಿನ್ ಕಿಮೋ ಅಂದ್ರು. ನಂಗೆ ಒಂದೇ ಪ್ರಶ್ನೆ. ಫೆಬ್ರವರೀಲೇ ಕಿಮೋ ತಗೊಂಡಿದ್ರೆ ಇದು ಬರ್ತಿರ್ಲಿಲ್ವಾ? ನಾನೇ ನನ್ನ ಕೈಯಾರೆ ಮಾಡ್ಕೊಂಡ್ನಾ?

ಎಡಿಸನ್ ಅಕ್ಕ (11 ಜುಲೈ)

ಇಲ್ಲ ತಂಗಿ. ಇಲ್ಲ. ನಾನು ಆಗ ಕಿಮೋ ತಗೊಂಡವಳೇ, ನಂಗೆ ಹದಿನಾಲ್ಕು ತಿಂಗಳಿಗೆ ವಾಪಸ್ ಬಂತು. ತಗೊಂಡವರಲ್ಲೂ ಕೆಲವ್ರಿಗೆ ಬರುತ್ತೆ, ತಗೊಳ್ದೆ ಇದ್ದವ್ರಲ್ಲೂ ಕೆಲವ್ರಿಗೆ ಬರಲ್ಲ. ನೀನು ನಿರ್ಧಾರ ಮಾಡಿದ ದಿನ ಕೈಯಲ್ಲಿದ್ದ ಮಾಹಿತಿ ಅಷ್ಟೇ, ಅದನ್ನ ನೀನು ಎಷ್ಟು ಕಡೆ ಕೇಳಿ ಮಾಡ್ದೆ ಅನ್ನೋದಕ್ಕೆ ನಾವೆಲ್ಲಾ ಸಾಕ್ಷಿ. ಸ್ಕ್ಯಾನ್ ತಪ್ಪಿಸ್ದೆ ಇದ್ದಿದ್ದಕ್ಕೆ 14 ಮಿಲಿಮೀಟರ್ ಇರೋವಾಗ ಸಿಕ್ಕಿದೆ. ಫ್ರಾನ್ಸ್‌ನಲ್ಲಿ ಇದೇ ಕ್ಯಾನ್ಸರ್‌ನವರಿಗೆ ಡಾಕ್ಸೋರುಬಿಸಿನ್ ಜೊತೆ ಟ್ರಾಬೆಕ್ಟಿಡಿನ್ ಅಂತ ಕೊಟ್ಟು ನೋಡಿದಾರೆ, ಡಾಕ್ಸೋರುಬಿಸಿನ್ ಒಂದೇ ಕೊಟ್ಟವರಿಗಿಂತ ಕಾಯಿಲೆ ಹೆಚ್ಚು ಕಾಲ ಹಿಡಿತದಲ್ಲಿತ್ತು, 2024ರಲ್ಲಿ ಬಂದ ಫಲಿತಾಂಶದಲ್ಲಿ ಆಯಸ್ಸೂ ಹೆಚ್ಚಿತ್ತು. ಸುಸ್ತು, ರಕ್ತ ಕಮ್ಮಿ ಆಗೋದು ಅದ್ರಲ್ಲಿ ಜಾಸ್ತಿ. ಡಾಕ್ಟರ್ ಹತ್ರ ಕೇಳಿ ನೋಡು, ನಿನ್ನ ದೇಹಕ್ಕೆ ಆಗುತ್ತಾ, ಖರ್ಚಿಗೆ ಆಗುತ್ತಾ ಅಂತ.

ಉಡುಪಿ ಕಡೆಯವ (12 ಜುಲೈ)

ಡಾಕ್ಸೋರುಬಿಸಿನ್ ಕೆಂಪು ಬಣ್ಣದ ಮದ್ದು, ಕೊಟ್ಟ ದಿನ ಮೂತ್ರವೂ ಕೆಂಪಾಗಿ ಹೋಗುತ್ತದೆ, ರಕ್ತ ಅಲ್ಲ, ಹೆದರಬೇಡಿ. ಮೊದಲು ಹೃದಯದ ಎಕೋ ಮಾಡಿಸುತ್ತಾರೆ, ಅದು ಬೇಕೇ ಬೇಕು. ಕೈಯ ನರದಲ್ಲಿ ಕೊಡುವಾಗ ಸ್ವಲ್ಪ ಉರಿ ಬಂದರೂ ತಕ್ಷಣ ನರ್ಸನ್ನು ಕರೆಯಿರಿ, ಹೊರಗೆ ಸೋರಿದರೆ ಚರ್ಮ ಸುಡುತ್ತದೆ, ಸಾಧ್ಯವಾದರೆ ಎದೆಗೆ ಪೋರ್ಟ್ (ಮದ್ದು ಕೊಡಲು ಚರ್ಮದಡಿ ಇಡುವ ಸಣ್ಣ ಸಾಧನ) ಹಾಕಿಸುವುದು ಒಳ್ಳೆಯದು. ಜ್ವರ 100.4 ದಾಟಿದರೆ ರಾತ್ರಿ ಎರಡು ಗಂಟೆ ಆದರೂ ಆಸ್ಪತ್ರೆ, ಮನೆಯಲ್ಲಿ ಮಾತ್ರೆ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ.

ಹುಬ್ಬಳ್ಳಿ ಹುಡುಗ (12 ಜುಲೈ)

ಅಕ್ಕಾರ, ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಾಗ ಒಂದು ಮನಿಗೆ ವರ್ಷಕ್ಕ 5 ಲಕ್ಷದ ತನಕ ಸಿಗ್ತೈತ್ರಿ, ಎಪಿಎಲ್ ಇದ್ರೂ ಒಂದು ಪಾಲು ಸಿಗ್ತೈತಿ, ಕೇಳ್ರಿ. ರೈಲಿನ್ಯಾಗ ಚಿಕಿತ್ಸಾಕ ಹೋಗೂ ಕ್ಯಾನ್ಸರ್ ಪೇಷಂಟ್‌ಗೆ ಸ್ಲೀಪರ್, ಥರ್ಡ್ ಎಸಿ ಪೂರ್ತಿ ರಿಯಾಯಿತಿ, ಜೋಡಿ ಹೋಗೂ ಒಬ್ರಿಗೆ ನೂರಕ್ಕ 75, ಆಸ್ಪತ್ರಿಯಿಂದ ಫಾರ್ಮ್ ಸಹಿ ಮಾಡ್ಸಿಕೋರಿ. ನಾ ಅವ್ವನ್ನ ಮುಂಬೈಕ್ಕ ಹಂಗ ಕರ್ಕೊಂಡ ಹೋಗಿದ್ದೆ.

ಟೀಚರ್ ಹಾಸನ (6 ಅಕ್ಟೋಬರ್)

ನಾಲ್ಕು ಸೈಕಲ್ ಆಯ್ತು. ನಂಗೆ ಡಾಕ್ಸೋರುಬಿಸಿನ್ ಒಂದೇ ಕೊಡ್ತಿದಾರೆ. ಮೂರನೇದಾದ್ಮೇಲೆ ಸ್ಕ್ಯಾನ್ ಮಾಡಿದ್ರು, 14 ಇದ್ದಿದ್ದು 9 ಆಗಿದೆ, ಎರಡು ಗಂಟು ಕಾಣ್ತಾನೇ ಇಲ್ಲ. ಹದಿನೈದನೇ ದಿನಕ್ಕೆ ತಲೆಕೂದಲು ಬಾಚಣಿಗೇಲಿ ಕಂತೆ ಕಂತೆ ಬಂತು, ಅತ್ತೆಯವ್ರೇ ಬಿಸಿಲಿಗೆ ಕೂರಿಸಿ ಕತ್ತರೀಲಿ ಕತ್ತರಿಸಿದ್ರು, ಆಮೇಲೆ ತಮ್ಮ ಹಳೇ ಸೀರೆ ಸೆರಗು ಹರಿದು ತಲೆಗೆ ಕಟ್ಟಿದ್ರು, ಹತ್ತಿ ಬಟ್ಟೆ, ಚುಚ್ಚಲ್ಲ ಅಂತ. ಜನವರೀಲಿ ಅಂದ ಮಾತು ಅವ್ರಿಗೆ ನೆನಪಿದೆ ಅನ್ಸುತ್ತೆ, ಬಾಯಲ್ಲಿ ಏನೂ ಹೇಳ್ಲಿಲ್ಲ. ಬಾಯಿ ಹುಣ್ಣಿಗೆ ಖಾರ ಒಂದು ಚೂರೂ ಆಗಲ್ಲ, ರಾಗಿ ಗಂಜಿ, ಮಜ್ಜಿಗೆ, ಬೇಯಿಸಿದ ಮೊಟ್ಟೆ ಇಷ್ಟೇ ಹೋಗ್ತಿದೆ. ಮೊದಲ ನಾಲ್ಕು ದಿನ ನಾನು ನಾನಾಗಿರಲ್ಲ, ಆರನೇ ದಿನದಿಂದ ಪರವಾಗಿಲ್ಲ. ಇನ್ನೆರಡು ಸೈಕಲ್ ಇದೆ, ಜೀವಮಾನಕ್ಕೆ ಇಷ್ಟೇ ಅಂತ ಈ ಔಷಧಿಗೆ ಮಿತಿ ಇದೆಯಂತೆ, ಹೃದಯಕ್ಕೋಸ್ಕರ. ಆಮೇಲೆ ಏನು ಅಂತ ಆಮೇಲೆ ಮಾತಾಡೋಣ ಅಂದಿದ್ದಾರೆ.

ಹೊಸ ಸದಸ್ಯೆ ಕೋಲಾರ (19 ಅಕ್ಟೋಬರ್)

ಈ ಥ್ರೆಡ್ ಈಗ ನೋಡ್ದೆ. ನಮ್ಮಕ್ಕಂಗೆ ನಿನ್ನೆ ಇದೇ ರಿಪೋರ್ಟ್ ಬಂದಿದೆ. ನೀವೆಲ್ಲಾ ಹೇಳೋ ಬ್ಲಾಕ್ ಎಲ್ಲಿ ಕೇಳ್ಬೇಕು? ಆಪರೇಷನ್ ಮಾಡಿದ ಕಡೆ ನಮ್ಮತ್ರ ಇಲ್ಲ ಅಂತಿದ್ದಾರೆ.

ಟೀಚರ್ ಹಾಸನ (19 ಅಕ್ಟೋಬರ್)

ಆಸ್ಪತ್ರೇಲಿ ಇರಲ್ಲ ಎಷ್ಟೋ ಸಲ, ಟೆಸ್ಟ್ ಮಾಡಿದ ಲ್ಯಾಬಲ್ಲಿ ಇರುತ್ತೆ. ರಿಪೋರ್ಟ್ ತಲೆಯಲ್ಲಿ ಲ್ಯಾಬ್ ಹೆಸರು, ಬಯಾಪ್ಸಿ ನಂಬರ್ ಎರಡೂ ಇರುತ್ತೆ, ಆ ನಂಬರ್ ಹಾಕಿ ಅಕ್ಕನ ಹತ್ರಾನೇ ಅರ್ಜಿಗೆ ಸಹಿ ಮಾಡಿಸಿ, ರಿಪೋರ್ಟ್ ಜೆರಾಕ್ಸ್, ಆಧಾರ್ ಜೆರಾಕ್ಸ್ ಲಗತ್ತಿಸಿ. ಗಡ್ಡೆದು ಎಷ್ಟು ಬ್ಲಾಕ್ ಇದೆ ಅಂತ ಕೇಳಿ ಬರ್ಕೊಳ್ಳಿ, ತಗೊಂಡ್ಮೇಲೆ ಎಣಿಸಿ. ಶನಿವಾರ ಹೋಗ್ಬೇಡಿ, ನಮಗೆ ಮಧ್ಯಾಹ್ನಕ್ಕೆ ಕೌಂಟರ್ ಮುಚ್ಚಿತ್ತು. ಅಕ್ಕಂಗೆ ಎದೆ ಸಿಟಿ ಆಗಿದ್ಯಾ? ನಾನು ಇವತ್ತು ಕಿಮೋ ಆದ ಹತ್ತನೇ ದಿನದಲ್ಲಿದೀನಿ, ಎದ್ದಿರ್ತೀನಿ, ರಾತ್ರಿ ಎಷ್ಟೊತ್ತಿಗಾದ್ರೂ ಬರೀರಿ.